ಹುಲ್ಲಿನಲ್ಲಿ ಉಳಿದ ತಗ್ಗು

ಜನವರಿ 14, ಬೆಳಿಗ್ಗೆ 9.20. ಮುಕುಪಾನ್ ಠಾಣೆಗೆ ಉಬಲ್ದಿನಾ ಬಂದರು. ಊರಿಗೆಲ್ಲ ಬ್ರೆಡ್ಡು ಸುಡುವ ಹೆಂಗಸು, ವಯಸ್ಸು ಅರವತ್ತೆರಡು. ಒಂದು ಕೈಯಲ್ಲಿ ದೂರಿನ ಕಾಗದ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಬಿಸಿ ಬ್ರೆಡ್ಡು. ದೂರು ಕೊಡಲು ಬಂದರೂ ಅವರು ಬರಿಗೈಯಲ್ಲಿ ಬರುವವರಲ್ಲ.

ಇನ್ಸ್‌ಪೆಕ್ಟರ್ ಒಲೆಗಾರಿಯೊ ಪಾರ್ರಾ ಎದ್ದು ತಮ್ಮ ಕುರ್ಚಿಯನ್ನೇ ಕೊಟ್ಟರು. ಠಾಣೆಯಲ್ಲಿ ಅಲುಗಾಡದ ಕುರ್ಚಿ ಅದೊಂದೇ.

"ಏನು ಕಳುವಾಗಿದೆ?"

"ಬಾಲಯೇಸು. ಭಾನುವಾರ ನಾವೆಲ್ಲ ಪೂಜೆಗೆ ಹೋಗಿದ್ವಿ. ಹನ್ನೊಂದಕ್ಕೆ ವಾಪಸ್ ಬಂದಾಗ ತೊಟ್ಟಿಲು ಖಾಲಿ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ನಕ್ಕರು. ಮೂಲೆಯಲ್ಲಿ ಕಡತ ಜೋಡಿಸುತ್ತಿದ್ದ ಕಾನ್‌ಸ್ಟೇಬಲ್ ಎದಿಕ್ಸಾ ಕೂಡ ನಕ್ಕಳು. ನಗಲು ಕಾರಣವಿತ್ತು. ಮೆರಿದಾ ಬೆಟ್ಟಗಳಲ್ಲಿ ಕ್ರಿಸ್ಮಸ್‌ಗೆ ಗೋದಲಿಯಲ್ಲಿ ಮಲಗಿಸಿದ ಬಾಲಯೇಸುವನ್ನು ಫೆಬ್ರವರಿ ಎರಡರೊಳಗೆ ಎತ್ತಿ ನಿಲ್ಲಿಸಬೇಕು. ನೆರೆಯವರನ್ನು ಕರೆಯಬೇಕು, ಪಿಟೀಲು ಬಾರಿಸಿ ಪ್ರಾರ್ಥನೆ ಹಾಡಬೇಕು, ಸಿಹಿ ವೈನು, ಕೇಕು ಕೊಡಬೇಕು. ಜನವರಿ ಆರರ ಮೂರು ರಾಜರ ಹಬ್ಬ ಕಳೆದರೂ ಯಾರ ಮನೆಯ ಮಗು ಮಲಗಿಯೇ ಇರುತ್ತದೋ ಅದನ್ನು ನೆರೆಯವರು ಕದಿಯಬಹುದು. ಅದು ಕಳ್ಳತನವಲ್ಲ, ತಮಾಷೆಯ ಗದರಿಕೆ. ನಾಲ್ಕೈದು ದಿನಕ್ಕೆ ‘ಮಗು ನಮ್ಮಲ್ಲಿದೆ, ಹಬ್ಬಕ್ಕೆ ಸಿದ್ಧರಾಗಿ’ ಎಂದು ಚೀಟಿ ಬರುತ್ತದೆ. ಆಮೇಲೆ ಊರೆಲ್ಲ ಮೇಣದಬತ್ತಿ ಹಿಡಿದು ಮನೆಮನೆ ಹುಡುಕಿ ಹಾಡುತ್ತಾ ತರುತ್ತದೆ. ಇನ್ಸ್‌ಪೆಕ್ಟರ್ ಸ್ವತಃ ಹರೆಯದಲ್ಲಿ ಎರಡು ಬಾಲಯೇಸುಗಳನ್ನು ಎತ್ತಿದವರು.

"ತಡ ಮಾಡಿದ್ದು ನೀವು, ಈಗ ದೂರು ಕೊಡ್ತಿರೋದೂ ನೀವೇ! ಕೇಕಿಗೆ ಮೊಟ್ಟೆ ಕೂಡಿಡಿ ತಾಯಿ."

ಉಬಲ್ದಿನಾ ನಗಲಿಲ್ಲ. "ಅದು ನನ್ನದಲ್ಲ ಸಾಹೇಬ್ರೇ. ಮೇಲಿನ ಹಾಡಿಯ ರೊಸೆಂದಾ ಅವರದು. ನಾಲ್ಕು ವರ್ಷದ ಹಿಂದೆ ಮಗನ ಜೊತೆ ಚಿಲಿಗೆ ಹೊರಟಾಗ, ಬಸ್ಸಿನಲ್ಲಿ ಮುರಿದುಹೋಗುತ್ತೆ ಅಂತ ನನ್ನ ಕೈಗಿಟ್ಟು ಹೋದ್ರು. ಎರಡನೇ ತಾರೀಖೇ ನಿಲ್ಲಿಸೋದು ಅವರ ಮನೆ ಪದ್ಧತಿ. ಈಗ ಅವರಿಗೆ ಎಂಬತ್ತನಾಲ್ಕು. ಆಸ್ಪತ್ರೆಯವರು ಮನೆಗೆ ಕಳಿಸಿಬಿಟ್ಟಿದ್ದಾರೆ. ಸಾಯೋ ಮುಂಚೆ ಒಂದ್ಸಲ ಅದು ನಿಂತಿದ್ದನ್ನ ನೋಡ್ಬೇಕಂತೆ. ಫೋನಿನಲ್ಲಿ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಎರಡಕ್ಕೆ ಇನ್ನೂ ಹತ್ತೊಂಬತ್ತು ದಿನ ಇದೆಯಲ್ಲ. ಅಷ್ಟರಲ್ಲಿ ಚೀಟಿ ಬಂದೇ ಬರುತ್ತೆ."

"ಬಂದ್ರೆ ಸರಿ. ಆದ್ರೆ ಯಾರದು ಅಂತ ಊರಲ್ಲಿ ಹರಡಬಾರದು. ರೊಸೆಂದಾ ಕಿವಿಗೆ ಬಿದ್ರೆ ತಡ್ಕೊಳ್ಳಲ್ಲ."

"ಹರಡಲ್ಲ," ಎಂದರು ಇನ್ಸ್‌ಪೆಕ್ಟರ್. ಆ ಒಂದು ಮಾತನ್ನು ಅವರು ಉಳಿಸಿಕೊಂಡರು. ಎಫ್‌ಐಆರ್ ದಾಖಲಿಸಲಿಲ್ಲ. ಠಾಣೆಯ ದಿನಚರಿಯಲ್ಲಿ ಒಂದು ಸಾಲು ಬರೆದರು: ‘ಸಂಪ್ರದಾಯದ ವಿಷಯ. ಕ್ರಮ ಬೇಕಿಲ್ಲ.’

ಚೀಟಿ ಬರಲಿಲ್ಲ.

ಜನವರಿ 23, ಬೆಳಿಗ್ಗೆ 10 ಗಂಟೆ. ಉಬಲ್ದಿನಾ ಮತ್ತೆ ಬಂದರು. ಎದಿಕ್ಸಾ ಏನೂ ಕೇಳದೆ ತನ್ನ ಉಣ್ಣೆಯ ಅಂಗಿ ಬಿಚ್ಚಿ ಅವರ ಹೆಗಲಿಗೆ ಹೊದಿಸಿದಳು. ಒಂಬತ್ತು ದಿನ ಚಳಿಯಲ್ಲಿ ಮನೆಮನೆ ಅಲೆದು ಅವರ ದನಿ ಕೂತುಹೋಗಿತ್ತು.

"ಯಾರ ಮೇಲಾದರೂ ಅನುಮಾನ ಇದೆಯೇ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಯಾರ ಮೇಲೆ ಅಂತ ಹೇಳ್ಲಿ? ಎಲ್ಲರೂ ನನ್ನ ಬ್ರೆಡ್ಡು ತಿನ್ನೋರೇ."

ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ. ಎದಿಕ್ಸಾ ಬರೆದುಕೊಂಡಳು: ಮುಂದಿನ ಕೋಣೆಯ ಮೂಲೆಯಲ್ಲಿ ಪಾಚಿ, ಕಲ್ಲು, ಉಣ್ಣೆಯ ಕುರಿಮರಿಗಳಿಂದ ಮಾಡಿದ ಗೋದಲಿ. ನಡುವೆ ನೀಲಿ ಬಣ್ಣದ ಮರದ ತೊಟ್ಟಿಲು, ಮೇಲೆ ಬಿಳಿ ಬಟ್ಟೆ. ಕಿಟಕಿಯ ಅಗುಳಿ ಸಡಿಲ. ಬೇರೇನೂ ಕಳುವಾಗಿಲ್ಲ.

"ಈ ಬಟ್ಟೆ?"

"ನಾನೇ ಮುಚ್ಚಿದ್ದು. ಬಾಗಿಲು ತೆಗೆದಾಗ ಮೊದಲು ನೋಡಿದ್ದು ನಾನು. ಹಿಂದೆ ಸೊಸೆ, ಮೊಮ್ಮಕ್ಕಳು ಬರ್ತಿದ್ರು, ಖಾಲಿ ತೊಟ್ಟಿಲು ಮಕ್ಕಳ ಕಣ್ಣಿಗೆ ಬೀಳಬಾರದು ಅಂತ ಮೇಜಿನ ಬಟ್ಟೆ ಎಳೆದು ಹಾಕಿದೆ. ಅವತ್ತಿಂದ ತೆಗೆದಿಲ್ಲ."

ಎದಿಕ್ಸಾ ಬಟ್ಟೆ ಸರಿಸಿದಳು. ಹುಲ್ಲಿನಲ್ಲಿ ಮಗು ಮಲಗಿದ್ದ ತಗ್ಗು ಹಾಗೆಯೇ ಇತ್ತು, ತಲೆಯ ಕಡೆ ಸ್ವಲ್ಪ ಆಳವಾಗಿ. ಅದನ್ನೂ ಬರೆದುಕೊಂಡಳು. ಯಾಕೆಂದು ಅವಳಿಗೂ ತಿಳಿದಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ಹಸಿಂತೊ ಪೆನ್ಯಾ ಎದುರಾದರು. ಐವತ್ತೆಂಟು ವಯಸ್ಸು, ಊರಿನ ಪಿಟೀಲುಗಾರ. ಮೂರು ವರ್ಷದಿಂದ ‘ಬೆಟ್ಟದ ಪಿಟೀಲು’ ಎಂದು ವಿಡಿಯೊ ಚಾನೆಲ್ ನಡೆಸುತ್ತಿದ್ದರು. ಫೋನು ಸಿಕ್ಕಿಸಿದ ಮೂರು ಕಾಲಿನ ಕೋಲು ಸದಾ ಕಂಕುಳಲ್ಲಿ.

"ಏನಾದ್ರೂ ಸಿಕ್ಕಿತಾ ಇನ್ಸ್‌ಪೆಕ್ಟರೇ? ನಾನೂ ಐದು ಕಂತು ಮಾಡಿ ಹುಡುಕ್ತಾ ಇದ್ದೀನಿ."

"ನಿಮ್ಮ ಚಾನೆಲ್ಲಿಗೆ ಹೇಳೋಕೆ ಮುಂಚೆ ನನ್ನ ಕಡತಕ್ಕೆ ಹೇಳ್ಬೇಕು ಮಾರಾಯ್ರೇ," ಎಂದರು ಇನ್ಸ್‌ಪೆಕ್ಟರ್.

ಉಬಲ್ದಿನಾ ಹಸಿಂತೊಗೂ ಒಂದು ಬ್ರೆಡ್ಡು ಕೊಟ್ಟರು. "ಪಾಪ, ಹದಿನೈದನೇ ತಾರೀಖಿನಿಂದ ನನಗೋಸ್ಕರ ಓಡಾಡ್ತಿದ್ದಾರೆ. ಒಳಗೆ ಬೇಡ ಅಂದಿದ್ದಕ್ಕೆ ಬಾಗಿಲು, ನನ್ನ ಮುಖ ಮಾತ್ರ ವಿಡಿಯೊ ತೆಗೆದ್ರು."

ಎರಡು ದಿನದಲ್ಲಿ ಇಪ್ಪತ್ತೆರಡು ಮನೆಯವರ ಹೇಳಿಕೆ ಪಡೆದರು. ಪ್ರತಿ ಮನೆಯಲ್ಲೂ ಮೊದಲು ಕಾಫಿ, ಆಮೇಲೆ ಒಂದೇ ಉತ್ತರ: ನಾವಲ್ಲ, ನಾವಾಗಿದ್ದರೆ ಚೀಟಿ ಕಳಿಸುತ್ತಿದ್ದೆವು.

ಜನವರಿ 25, ಮಧ್ಯಾಹ್ನ 3.40. ಉಬಲ್ದಿನಾ ಓಡುತ್ತಾ ಬಂದರು. ಆ ದಿನ ಕೈಯಲ್ಲಿ ಬ್ರೆಡ್ಡು ಇರಲಿಲ್ಲ.

"ರೊಸೆಂದಾಗೆ ಗೊತ್ತಾಗಿಬಿಟ್ಟಿದೆ! ಈಗ ಫೋನ್ ಮಾಡಿದ್ರು. ‘ನನ್ನ ತೊಟ್ಟಿಲು ಖಾಲಿ ಇದೆಯಲ್ಲ ಉಬಲ್ದಿನಾ, ಯಾಕೆ ಹೇಳ್ಲಿಲ್ಲ’ ಅಂತ. ಬೈದಿದ್ರೂ ಪರವಾಗಿರಲಿಲ್ಲ, ಬೈಯಲೇ ಇಲ್ಲ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಹಸಿಂತೊ ವಿಡಿಯೊದಲ್ಲಿ ನೋಡಿದ್ರಂತೆ. ನೀಲಿ ತೊಟ್ಟಿಲು, ಅದರ ಹುಲ್ಲು, ಮಗುವಿನ ತಲೆ ಇದ್ದ ಜಾಗ, ಎಲ್ಲಾ."

ಬರೆಯುತ್ತಿದ್ದ ಎದಿಕ್ಸಾ ನಿಲ್ಲಿಸಿದಳು. "ಹುಲ್ಲು ಕಾಣಿಸಿತಂತಾ? ನೀವು ಬಟ್ಟೆ ಮುಚ್ಚಿದ್ರಲ್ಲ, ಉಬಲ್ದಿನಾ ತಾಯಿ?"

"ಮುಚ್ಚಿದ್ದೆ."

"ನಮಗಿಂತ ಮುಂಚೆ ಬಟ್ಟೆ ಎತ್ತಿ ಯಾರಿಗಾದ್ರೂ ತೋರಿಸಿದ್ರಾ?"

"ದೇವರಾಣೆ ಇಲ್ಲ. ಎತ್ತೋಕೆ ನನಗೇ ಮನಸ್ಸು ಬರ್ಲಿಲ್ಲ."

ಬಟ್ಟೆ ಹಾಕುವ ಮೊದಲು ಆ ಖಾಲಿ ತೊಟ್ಟಿಲನ್ನು ಕಾಣಬಹುದಾಗಿದ್ದವನು ಒಬ್ಬನೇ, ಅದನ್ನು ಖಾಲಿ ಮಾಡಿದವನು.

ಆ ವಿಡಿಯೊವನ್ನು ಆಗಲೇ ನೋಡಬೇಕಿತ್ತು. ಆದರೆ 3.55ಕ್ಕೆ ಕಣಿವೆಗೆಲ್ಲ ಕರೆಂಟು ಹೋಯಿತು, ಅದರ ಜೊತೆ ಫೋನಿನ ಸಂಪರ್ಕವೂ ಹೋಯಿತು. ಹೀಗಾಗುವುದು ಅಲ್ಲಿ ಹೊಸದಲ್ಲ. ಈ ಸಲ ಎರಡು ದಿನ ಬರಲಿಲ್ಲ. ವಿಡಿಯೊ ಕೈಗೆ ಸಿಗದೆ ಒಬ್ಬರ ಮನೆ ಶೋಧಿಸಲು ಆಗದು. ಇನ್ಸ್‌ಪೆಕ್ಟರ್ ಈ ಎರಡು ದಿನವನ್ನೂ ಮುಂದೆ ಬಹಳ ಸಲ ಎಣಿಸಿದರು.

ಜನವರಿ 27, ಸಂಜೆ 4.10. ಕರೆಂಟು ಬಂತು. ಎದಿಕ್ಸಾ ಮೊದಲ ಕಂತು ತೆರೆದಳು. ಶುರುವಿನಲ್ಲಿ ಪಿಟೀಲು, ಆಮೇಲೆ ಬೆಟ್ಟ, ಉಬಲ್ದಿನಾ ಅವರ ಬಾಗಿಲು, ಅತ್ತು ಕೆಂಪಾದ ಅವರ ಮುಖ. ಮೂರನೇ ನಿಮಿಷದಲ್ಲಿ ಎರಡು ಸೆಕೆಂಡು ಮಾತ್ರ ನೀಲಿ ತೊಟ್ಟಿಲು, ತೆರೆದ ಹುಲ್ಲು, ಹುಲ್ಲಿನ ತಗ್ಗು. ಹಸಿಂತೊ ಅವರ ದನಿ ಹೇಳುತ್ತಿತ್ತು: ‘ಮಗು ಎಲ್ಲಿ? ನೋಡ್ತಾ ಇರಿ, ಸಬ್‌ಸ್ಕ್ರೈಬ್ ಮಾಡೋದನ್ನ ಮರೀಬೇಡಿ.’

"ಸರ್, ಕಳುವಾದ ಭಾನುವಾರ ನೀವು ಪೂಜೆಯಲ್ಲಿ ಇದ್ರಲ್ಲ. ಪಿಟೀಲು ಇತ್ತಾ?"

ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. "ಇರಲಿಲ್ಲ. ಬರೀ ಬಾಯಲ್ಲಿ ಹಾಡಿದ್ವಿ. ಹಸಿಂತೊಗೆ ನೆಗಡಿ ಅಂದ್ರು."

ಜನವರಿ 28, ಬೆಳಿಗ್ಗೆ 6.30. ಇನ್ಸ್‌ಪೆಕ್ಟರ್ ಮತ್ತು ಎದಿಕ್ಸಾ ಇಬ್ಬರು ಪಂಚರೊಂದಿಗೆ ಹಸಿಂತೊ ಅವರ ಮನೆ ತಲುಪಿದರು. ಬಾಗಿಲು ತೆಗೆದ ಹಸಿಂತೊ ನಾಲ್ವರನ್ನೂ ಒಂದೊಂದಾಗಿ ನೋಡಿದರು.

"ಕಾಫಿ ಕುಡಿದು ಹುಡುಕ್ತೀರಾ, ಹುಡುಕಿ ಕುಡಿತೀರಾ?"

"ಹುಡುಕಬೇಕಾ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಬೇಡ."

ಬಾಲಯೇಸು ಒಲೆಯ ಪಕ್ಕದ ಗೂಡಿನಲ್ಲಿತ್ತು, ತೇವ ತಾಗದ ಜಾಗದಲ್ಲಿ. ಹೆಂಡತಿಯ ಹಬ್ಬದ ಶಾಲಿನಲ್ಲಿ ಎರಡು ಸುತ್ತು ಸುತ್ತಿ ಮುಖ ಮಾತ್ರ ಹೊರಗೆ ಬಿಟ್ಟಿದ್ದರು. ಜಪ್ತಿ ಪಂಚನಾಮೆಯಲ್ಲಿ ಎದಿಕ್ಸಾ ಬರೆದಳು: ‘ಮರದ ವಿಗ್ರಹ, ಒಂದು ಗೇಣು ಉದ್ದ, ಎಲ್ಲೂ ಮುಕ್ಕಾಗಿಲ್ಲ.’

"ಚೀಟಿ ಯಾಕೆ ಕಳಿಸ್ಲಿಲ್ಲ?"

"ಕಳಿಸ್ತಿದ್ದೆ. ಎರಡನೇ ತಾರೀಖು ಕೊನೇ ಕಂತು. ನಾನೇ ಪಿಟೀಲು ಬಾರಿಸ್ತಾ ಮೆರವಣಿಗೆಯಲ್ಲಿ ತಂದು ಕೊಡ್ತಿದ್ದೆ. ಹಬ್ಬದ ಖರ್ಚೂ ನನ್ನದೇ. ಇದು ನಮ್ಮ ಆಟ ತಾನೇ, ಇನ್ಸ್‌ಪೆಕ್ಟರೇ? ನೀವೂ ಕದ್ದಿದ್ದೀರಿ."

"ಐದನೇ ದಿನಕ್ಕೆ ವಾಪಸ್ ಕೊಟ್ಟಿದ್ದೀನಿ."

ಆ ಬೆಟ್ಟಗಳಲ್ಲಿ ಮಕ್ಕಳನ್ನೂ ನಾಯಿಗಳನ್ನೂ ಬಹುವಚನದಲ್ಲೇ ಕರೆಯುತ್ತಾರೆ. "ನಿಮ್ಮನ್ನು ಬಂಧಿಸ್ತಿದ್ದೀನಿ," ಎಂದರು ಇನ್ಸ್‌ಪೆಕ್ಟರ್. "ಕೋಟು ಹಾಕ್ಕೊಳ್ಳಿ, ಹೊರಗೆ ಮಂಜಿದೆ." ಸಮಯ 7.05.

ಠಾಣೆಯಲ್ಲಿ ಉಬಲ್ದಿನಾ ಕಾಯುತ್ತಿದ್ದರು. ವಿಗ್ರಹ ಗುರುತಿಸಿ ಸಹಿ ಹಾಕಿದ ಮೇಲೆ ಅವರು ಕೇಳಿದ್ದು ಒಂದೇ. "ಎರಡನೇ ತಾರೀಖು ಕಾಯೋದು ಬೇಡ. ಈಗಲೇ ಒಂದ್ಸಲ ರೊಸೆಂದಾಗೆ ತೋರಿಸ್ಲಾ?"

ಎದಿಕ್ಸಾ ತನ್ನ ಫೋನಿನಿಂದ ಕರೆ ಮಾಡಿದಳು. ರೊಸೆಂದಾ ಅವರ ಮೊಮ್ಮಗಳು ದಾಯಾನಾ ಎತ್ತಿದಳು. ಈ ಕಡೆ ಉಬಲ್ದಿನಾ ಬಾಲಯೇಸುವನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ನಿಂತಿದ್ದರು, ಶಾಲು ಕೂಡ ಸರಿಮಾಡಿದ್ದರು.

"ಅಜ್ಜಿ ನಿನ್ನೆ ಬೆಳಿಗ್ಗೆ ಹೋದ್ರು," ಎಂದಳು ದಾಯಾನಾ. "ನಿಮಗೆ ಫೋನ್ ಸಿಗಲೇ ಇಲ್ಲ."

ಉಬಲ್ದಿನಾ ಕೈ ಇಳಿಸಲಿಲ್ಲ. ಎದಿಕ್ಸಾಳೇ ನಿಧಾನವಾಗಿ ವಿಗ್ರಹವನ್ನು ಅವರ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಮಲಗಿಸಿದಳು.

"ಯಾವ ಅಜ್ಜಿ?" ಬೆಂಚಿನ ಮೇಲಿದ್ದ ಹಸಿಂತೊ ಕೇಳಿದರು.

ಇನ್ಸ್‌ಪೆಕ್ಟರ್ ಹೇಳಿದರು. ಆ ಮಗು ಯಾರದು, ಯಾರು ಕಾಯುತ್ತಿದ್ದರು, ಯಾವ ದಿನಕ್ಕೆ ಎಂದು. ಹದಿನಾಲ್ಕನೇ ತಾರೀಖಿನಿಂದ ಜೋಪಾನವಾಗಿ ಮುಚ್ಚಿಟ್ಟುಕೊಂಡ ಗುಟ್ಟು ಅದು. ಆ ದಿನವೇ ಹೇಳಿದ್ದರೆ ಹಸಿಂತೊ ಅಂದೇ ಓಡಿಹೋಗಿ ಕೊಟ್ಟುಬರುತ್ತಿದ್ದರೇನೋ.

"ದಾಯಾನಾ," ಎಂದರು ಹಸಿಂತೊ. "ಆ ಹೆಸರು ನನಗೆ ಗೊತ್ತು. ಯಾರೋ ಚಿಕ್ಕ ಹುಡುಗಿ ಅಂದ್ಕೊಂಡಿದ್ದೆ. ನನ್ನ ಫೋನ್ ಕೊಡಿ."

ಫೋನು ಜಪ್ತಿಯಾಗಿತ್ತು. ಎದಿಕ್ಸಾ ಅದನ್ನು ತಾನೇ ತೆರೆದು ಓದಿದಳು. ಪ್ರತಿ ಕಂತಿನ ಕೆಳಗೂ ದಾಯಾನಾ ಹೆಸರಿನಲ್ಲಿ ಒಂದು ಕಮೆಂಟು. ಹೆಸರು ಮೊಮ್ಮಗಳದು, ಮಾತು ಅಜ್ಜಿಯದು. ‘ಸಿಕ್ಕಿತಾ ಮಗನೇ?’ ‘ಇನ್ನೂ ಸಿಕ್ಕಿಲ್ಲವಾ?’ ಪ್ರತಿಯೊಂದಕ್ಕೂ ಹಸಿಂತೊ ಅವರ ಒಂದೇ ಉತ್ತರ: ‘ಮುಂದಿನ ಕಂತು ಕೊನೆಯವರೆಗೂ ನೋಡಿ!’ ಕೊನೆಯ ಕಮೆಂಟು ಇಪ್ಪತ್ತಾರರದು. ‘ಯಾರ ಮನೆಯಲ್ಲಿದೆಯೋ ಅವರಿಗೆ ಹೇಳಿ. ಮಗುವಿಗೆ ಚಳಿಯಾಗದ ಹಾಗೆ ಹೊದಿಸಲಿ.’ ಆ ಹೊತ್ತಿಗೆ ಮುಕುಪಾನಿನಲ್ಲಿ ಕರೆಂಟು ಇರಲಿಲ್ಲ, ಅದಕ್ಕೆ ಉತ್ತರವೂ ಇರಲಿಲ್ಲ.

"ಹೊದಿಸಿದ್ದೆ," ಎಂದರು ಹಸಿಂತೊ.

ಮಧ್ಯಾಹ್ನ 2 ಗಂಟೆಗೆ ಹೇಳಿಕೆ ದಾಖಲಾಯಿತು.

"ಯಾಕೆ ಮಾಡಿದ್ರಿ?"

"ಜಾಹೀರಾತು ಬರಬೇಕಂದ್ರೆ ಸಾವಿರ ಸಬ್‌ಸ್ಕ್ರೈಬರ್ ಬೇಕು, ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ಜನ ನೋಡಿರಬೇಕು. ನನಗಿದ್ದಿದ್ದು ಆರುನೂರ ನಲವತ್ತು. ಗಂಟೆಗಳು ಬಂದಿದ್ದು ಹೋದ ವರ್ಷದ ಹಬ್ಬದ ಒಂದೇ ವಿಡಿಯೊದಿಂದ. ಈ ಫೆಬ್ರವರಿ ಎರಡಕ್ಕೆ ಅದಕ್ಕೆ ವರ್ಷ ತುಂಬುತ್ತೆ, ಆಮೇಲೆ ಆ ಗಂಟೆಗಳು ಲೆಕ್ಕಕ್ಕಿಲ್ಲ. ಮತ್ತೆ ಮೊದಲಿಂದ. ಕದ್ದ ಮಗುವಿನ ಕಂತು ಹಾಕಿದ್ದೇ ತಡ, ದಿನಾ ನಲವತ್ತು ಐವತ್ತು ಜನ ಸೇರಿದ್ರು. ಐದನೇ ದಿನ ಚೀಟಿ ಬರೆದೆ. ಬರೆದು ಜೇಬಲ್ಲಿಟ್ಟುಕೊಂಡೆ. ನಾಳೆ ಅಂದೆ."

"ತಿಂಗಳಿಗೆ ಎಷ್ಟು ಸಿಗ್ತಿತ್ತು?"

"ಎಂಟೊಂಬತ್ತು ಡಾಲರ್ ಅಂತಾರೆ."

"ಅದಕ್ಕೋಸ್ಕರವಾ?"

"ಅದಕ್ಕಲ್ಲ ಅಂದ್ರೆ ಸುಳ್ಳು. ಅದಕ್ಕೇ ಅಂದ್ರೂ ಸುಳ್ಳೇ." ಹಸಿಂತೊ ತಮ್ಮ ಕೈಬೆರಳು ನೋಡಿಕೊಂಡರು. "ಮೊದಲು ಈ ತಿಂಗಳಲ್ಲಿ ನಲವತ್ತು ಮನೆಯಲ್ಲಿ ಬಾರಿಸ್ತಿದ್ದೆ. ಹೋದ ವರ್ಷ ಆರು. ಫೋನಿನಲ್ಲಿ ಆರುನೂರು ಜನ ಇದ್ರು, ಊರು ಬಿಟ್ಟು ಹೋದವರೇ ಹೆಚ್ಚು. ‘ನಮ್ಮ ಬೀದಿ ತೋರ್ಸಿ, ನಮ್ಮಮ್ಮನ ಬಾಗಿಲು ತೋರ್ಸಿ’ ಅಂತ ಬರೀತಿದ್ರು. ನಾನು ಹೋಗಿ ತೋರಿಸ್ತಿದ್ದೆ. ಒಬ್ಬರು ಕಮ್ಮಿಯಾದ್ರೆ ಮತ್ತೊಂದು ಮನೆ ಬಾಗಿಲು ಹಾಕಿದ ಹಾಗೆ ಅನ್ನಿಸ್ತಿತ್ತು. ದುಡ್ಡು ಬಂದ್ರೆ, ಈ ಮುದುಕನ ಪಿಟೀಲಿಗೆ ಬೆಲೆ ಇದೆ ಅಂತ ಹೊರಗಿನವರು ಯಾರೋ ಒಪ್ಪಿದ ಹಾಗಾಗ್ತಿತ್ತು. ಅಷ್ಟೇ."

"ಈಗ ಎಷ್ಟು ಜನ?"

"ಸಾವಿರದ ನೂರ ಹನ್ನೆರಡು," ಎಂದರು ಹಸಿಂತೊ. ಆಮೇಲೆ, ಸ್ವಲ್ಪ ತಡೆದು, "ನೂರ ಹನ್ನೊಂದು," ಎಂದರು.

ಅವರು ಲಾಕಪ್ಪಿಗೆ ಹೋದ ಮೇಲೆ ಇನ್ಸ್‌ಪೆಕ್ಟರ್ ದಿನಚರಿಯ ಹಾಳೆ ಹಿಂದಕ್ಕೆ ಮಗುಚಿದರು. ಜನವರಿ 14ರ ‘ಕ್ರಮ ಬೇಕಿಲ್ಲ’ ಎಂಬ ಸಾಲನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಇಂದಿನ ತಾರೀಖು ಹಾಕಿ ಬರೆದರು: ‘ದೂರು ಅಂದೇ ದಾಖಲಿಸಬೇಕಿತ್ತು. ತಪ್ಪು ನನ್ನದು. ಒ. ಪಾರ್ರಾ.’

ಫೆಬ್ರವರಿ 2. ಜಪ್ತಿಯಾದ ವಿಗ್ರಹವನ್ನು ನ್ಯಾಯಾಧೀಶರ ಅನುಮತಿಯ ಮೇಲೆ ಎರಡು ಗಂಟೆ ಕಾಲ ಉಬಲ್ದಿನಾ ಅವರ ವಶಕ್ಕೆ ಕೊಡಲಾಯಿತು. ಮಗುವನ್ನು ಮಲಗಿಸಿ ಎತ್ತುವ ರೇಷ್ಮೆ ಬಟ್ಟೆಯ ನಾಲ್ಕು ತುದಿಗಳಲ್ಲಿ ಒಂದನ್ನು ಹಿಡಿಯಲು ಅವರು ಇನ್ಸ್‌ಪೆಕ್ಟರನ್ನೇ ಕರೆದರು. ಬೇರೆಯವರನ್ನು ಕರೆಯಬಹುದಿತ್ತು. ಸಂಜೆ ನಾಲ್ಕಕ್ಕೆ ಮಗುವನ್ನು ಎತ್ತಿ ನಿಲ್ಲಿಸಿದರು. ಚಿಲಿಯ ಸಾಂತಿಯಾಗೊದಲ್ಲಿ ದಾಯಾನಾ ಫೋನಿನಲ್ಲಿ ನೋಡಿದಳು. ಪಿಟೀಲು ಇರಲಿಲ್ಲ. ಜನ ಬರೀ ಬಾಯಲ್ಲಿ ಹಾಡಿದರು.

ಠಾಣೆ ಅಲ್ಲಿಂದ ನಾಲ್ಕನೇ ಕಟ್ಟಡ. ಪಹರೆಗೆ ಉಳಿದಿದ್ದ ಎದಿಕ್ಸಾ, ಚಳಿಯಿದ್ದರೂ, ಲಾಕಪ್ಪಿನ ಎದುರಿನ ಕಿಟಕಿಯನ್ನು ಪೂರ್ತಿ ತೆರೆದಿಟ್ಟಳು. ಹಸಿಂತೊ ಸರಳಿಗೆ ಕಿವಿಗೊಟ್ಟು ನಿಂತಿದ್ದರು. ಎಡಗೈಯ ನಾಲ್ಕು ಬೆರಳು ಸರಳಿನ ಮೇಲೆ ಒಂದೊಂದಾಗಿ ಒತ್ತುತ್ತಿದ್ದವು.

"ಹಾಡನ್ನ ಓಡಿಸ್ತಾ ಇದ್ದಾರೆ," ಎಂದರು ಅವರು, ಯಾರಿಗೋ ಎಂಬಂತೆ. "ಅಷ್ಟು ಅವಸರ ಮಾಡಬಾರದು. ನಿಧಾನಕ್ಕೆ ಹಾಡ್ಬೇಕು ಅಂತ ಯಾರಾದ್ರೂ ಹೇಳಿ."