ಐವತ್ತು ರೆಕಾರ್ಡು, ಒಂದೇ ದನಿ

ನವೆಂಬರ್ 11, ಮಂಗಳವಾರ, ಬೆಳಿಗ್ಗೆ 10.20. ಗಾಜಿಪುರದ ದೇವಾನಂದ ಠಾಣೆಗೆ ಬಂದು, ಮನೆಯಲ್ಲಿದ್ದ ಐವತ್ತು ಗ್ರಾಮಫೋನ್ ರೆಕಾರ್ಡು ಕಳುವಾಗಿವೆ ಎಂದು ದೂರು ಕೊಟ್ಟ. ಇನ್‌ಸ್ಪೆಕ್ಟರ್ ಅಮರನಾಥ ಎರಡು ಸಲ ಓದಿದರು.

"ಯಾರ ಹಾಡು?"

"ನಂದೇ ಸರ್. ಮಿನಿಮಲ್ ಟೆಕ್ನೋ. ಹಾಡಲ್ಲ, ಬರೇ ತಾಳ. ಐವತ್ತೂ ಒಂದೇ ರೆಕಾರ್ಡಿನ ಪ್ರತಿ. ಶನಿವಾರ ಬಿಡುಗಡೆ."

"ಮೊಬೈಲಿನ್ಯಾಗ ಕೇಳಸ್ರಿ."

"ಮೊಬೈಲಿಗೆ ಹಾಕಂಗಿಲ್ರಿ. ರೆಕಾರ್ಡಿನ ಮ್ಯಾಲೆ ಮಾತ್ರ. ನಮ್ಮ ಸಂಗೀತದಾಗ ಅದೊಂದು ಪದ್ಧತಿ."

ಎಂಥ ಪದ್ಧತಿಯೋ ಏನೋ! ಎಫ್‌ಐಆರ್ ದಾಖಲಾಯಿತು.

11.45ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಹೋದ ಸೋಮವಾರ ಒಂದು ರೆಕಾರ್ಡು ಕಾಣೆಯಾಗಿತ್ತು, ನಿನ್ನೆ ಸೋಮವಾರ ಉಳಿದವೆಲ್ಲ.

"ಸೋಮವಾರ ಯಾರು ಬರ್ತಾರ?"

"ಚಿಗವ್ವ ಮಹಾದೇವಮ್ಮ, ಕಮಲಾಪುರದಾಕಿ. ಶರಣಬಸವೇಶ್ವರ ಗುಡಿಗೆ ಬಂದು, ನಮ್ಮನ್ಯಾಗ ಉಂಡು ಹೋಗ್ತಾಳ. ಆಕಿಗೆ ಇದ್ರಾಗ ಏನ್ ತಿಳಿತದ ಸರ್?"

"ರೆಕಾರ್ಡು ಕದ್ದವರಿಗೆ ಮಷಿನ್ ಬೇಕಲ್ರಿ," ಎಂದಳು ಹೆಡ್ ಕಾನ್‌ಸ್ಟೆಬಲ್ ಸಕೀನಾ. ಹಳೆಯ ಪ್ಲೇಯರ್ ರಿಪೇರಿ ಮಾಡುವ ಶಬ್ಬೀರನ ಅಂಗಡಿ ಆಕೆಗೆ ಗೊತ್ತಿತ್ತು.

ಮಧ್ಯಾಹ್ನ 1.30, ಶಬ್ಬೀರನ ಅಂಗಡಿ. ದೇವಾನಂದನೂ ಜೊತೆಗಿದ್ದ.

"ಬಂದಿದ್ರು ಸಾಬ್, ಒಬ್ಬಾಕಿ ಅಮ್ಮ," ಎಂದ ಶಬ್ಬೀರ್. "ದೊಡ್ಡ ರೆಕಾರ್ಡು ನೋಡಿ, ಕಾಯಂ ಹಾಕೋ ಹಂಗ ಮೂವತ್ತಮೂರರ ವೇಗಕ್ಕ ಹಾಕಿದೆ. ಇದು ನನ್ನ ಗಂಡನ ದನಿ ಅಲ್ಲ ಅಂತ ಅತ್ತುಬಿಟ್ರು. ನಿನ್ನೆ ಬಂದು ಒಂದು ಮಷಿನ್ ಒಯ್ದಾರ."

ದೇವಾನಂದನ ಮುಖ ಕಪ್ಪಿಟ್ಟಿತು. "ಅದು ನಲವತ್ತೈದರ ವೇಗದ್ದು ಸರ್. ಮೂವತ್ತಮೂರಕ್ಕ ಹಾಕಿದ್ರ ದನಿ ಜಗ್ಗಿ ದಪ್ಪಾಗ್ತದ. ಅಮೋಘಪ್ಪ ಕಾಕಾನ ದನಿ ಅದ ಅದ್ರಾಗ. ಬಾಳಿ ತೋಟದಾಗ ರೆಕಾರ್ಡ್ ಮಾಡಿದ್ದೆ. ಕಾಕಾ ಹೋದ ವರ್ಷ ತೀರಿಕೊಂಡ. ಕೇಳಸಪ್ಪಾ ಅಂತ ಚಿಗವ್ವ ಗಂಟು ಬಿದ್ದಿದ್ಳು. ಬಿಡುಗಡೆ ಆಗ್ಲಿ ತಡಿ ಅಂದೆ. ಕೇಸ್ ವಾಪಸ್ ತಗೋತೀನ್ರಿ."

"ವಾಪಸ್ ಮಾಡಾಕ ಇದೇನು ಅಂಗಡಿ ಸಾಮಾನಾ? ಎಫ್‌ಐಆರ್ ಆಗ್ಯಾದ. ಜೀಪ್ ಹತ್ರಿ."

4.10ಕ್ಕೆ ಕಮಲಾಪುರ. ಬಾಗಿಲು ತೆರೆದಿತ್ತು. ಮಹಾದೇವಮ್ಮ ಮಷಿನ್ ಮುಂದೆ ಕುಳಿತಿದ್ದಳು. ಕೇಳಿ ಮುಗಿಸಿದವು ಎಡಕ್ಕೆ, ಉಳಿದವು ಬಲಕ್ಕೆ.

"ನೀವೇ ಕದ್ದೀರೇನು?"

"ಹೌದ್ರಿ."

"ಒಂದು ಒಯ್ದಿದ್ರಿ. ಮತ್ತ ಇಷ್ಟೆಲ್ಲ ಯಾಕ?"

"ಅದ್ರಾಗ ಅವರ ದನಿ ಕೆಟ್ಟಿತ್ರಿ. ಬ್ಯಾರೆದ್ರಾಗ ಛಲೋ ಇದ್ದೀತು ಅಂತ ತಂದೆ. ಎಲ್ಲಾದ್ರಾಗೂ ಹಂಗೇ ಅದ. ಇನ್ನ ಹತ್ತೊಂಬತ್ತು ಉಳದಾವ. ಕೇಳಿ ಬರ್ತೀನ್ರಿ ಸಾಹೇಬ್ರ, ಹತ್ತೊಂಬತ್ತ ಅಷ್ಟ."

ಅಮರನಾಥ ಗಡಿಯಾರ ನೋಡಿದರು. ಹೆಂಗಸನ್ನು ಸೂರ್ಯ ಮುಳುಗುವ ಮೊದಲೇ ಬಂಧಿಸಬೇಕು. ಜಪ್ತಿಗೆ ಪಂಚರು ಬಂದು ಕುಳಿತಿದ್ದರು, ಮೊಹರಿನ ಅರಗು ಕರಗುತ್ತಿತ್ತು.

"ದೇವಾನಂದ, ಮಾಲು ನಿಮ್ಮದೇ ಹೌದೋ ಅಲ್ಲೋ, ಪಂಚರ ಮುಂದ ಹಾಕಿ ತೋರಸ್ರಿ. ಸರಿಯಾದ ವೇಗಕ್ಕ."

ದೇವಾನಂದ ನಲವತ್ತೈದಕ್ಕೆ ಗುಂಡಿ ತಿರುಗಿಸಿದ. ತಾಳ ಶುರುವಾಯಿತು. ಅದರ ನಡುವೆ ಗಂಡಸಿನ ದನಿ: "ಮಾದೇವಿ, ನೀರ ಬಂತು, ಬಾ."

"ಬಂದೆ ರೀ," ಎಂದಳು ಮಹಾದೇವಮ್ಮ.

ತಾಳ ಸುತ್ತಿಕೊಂಡು ಬಂದಾಗಲೆಲ್ಲ ಅವನು ಕರೆದ, ಇವಳು ಓಗೊಟ್ಟಳು. ಆರು ನಿಮಿಷ ಹೀಗೇ ನಡೆಯಿತು. ದೇವಾನಂದ ಗೋಡೆಗೆ ಮುಖ ಮಾಡಿ ಅಳುತ್ತಿದ್ದ.

ಐವತ್ತೂ ರೆಕಾರ್ಡಿಗೆ ಮೊಹರು ಬಿತ್ತು. ಸಂಜೆ 5.25ಕ್ಕೆ ಬಂಧನ. ಕಾರಣ ಬರೆಯುವಲ್ಲಿ ಅಮರನಾಥ "ಮೃತ ಗಂಡನ ದನಿ ಕೇಳುವ ಆಸೆಯಿಂದ" ಎಂದು ಬರೆದರು.

ಜೀಪಿನ ಹತ್ತಿರ ಮಹಾದೇವಮ್ಮ ಸಕೀನಾಳ ಕೈ ಹಿಡಿದಳು. "ಕೋರ್ಟಿನ್ಯಾಗ ಇದನ್ನ ಮತ್ತ ಹಾಕ್ತಾರೇನವ್ವಾ?"

"ಸಾಕ್ಷಿ ಅಲ್ಲೇನವ್ವಾ. ಹಾಕಬಹುದು."

"ಹಂಗಾರ ನಡೀರಿ," ಎಂದು ಮುದುಕಿ ತಾನೇ ಮೊದಲು ಜೀಪು ಹತ್ತಿದಳು.