ಕ್ಷಮೆ ಕೇಳದ ಕ್ಯಾಪ್ಟನ್

ಓದುಗರೇ, ಇಳಿಯಬೇಕಾಗಿದ್ದ ವಿಮಾನವೊಂದು ನೆಲದ ಸನಿಹಕ್ಕೆ ಬಂದು ಮತ್ತೆ ಮೇಲಕ್ಕೇರಿದಾಗ, ಅದನ್ನು ನಡೆಸುವವರ ಯೋಗ್ಯತೆಯನ್ನು ಕೂತಲ್ಲಿಂದಲೇ ಪ್ರಶ್ನಿಸಿದವರಲ್ಲಿ ನೀವೂ ಒಬ್ಬರಲ್ಲವೇ? ಗೊಣಗಿರಬಹುದು, ಫೋನ್ ತೆಗೆದು ವಿಡಿಯೋ ಮಾಡಿರಬಹುದು, ಮನೆ ತಲುಪಿದ ಮೇಲೆ ಸತ್ತು ಬದುಕಿ ಬಂದೆನೆಂದು ನೆರೆಹೊರೆಯವರಿಗೆ ಬಣ್ಣಿಸಿರಬಹುದು. ನಿಮ್ಮನ್ನು ಬದುಕಿಸಲೆಂದೇ ಆ ಕೆಲಸ ನಡೆಯಿತೆಂಬ ಯೋಚನೆ ಒಮ್ಮೆಯಾದರೂ ಬಂದಿತ್ತೇ?

ಇಷ್ಟು ಕಟುವಾಗಿ ಕೇಳುವ ಹಕ್ಕು ನನಗಿದೆ. ನಾನು ಪ್ರೀತಿಸಿದವಳು ಆ ಗೊಣಗಾಟವನ್ನು ಕೇಳಿಸಿಕೊಂಡವಳು. ಅದರಿಂದ ನನ್ನ ಮದುವೆಯೇ ನಿಂತುಹೋಗುವುದರಲ್ಲಿತ್ತು.

ನಾನು ಇಲೋಯಿಲೋ ಎಂಬ ಊರಿನ ಪ್ರೌಢಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ನಮ್ಮ ಶಾಲೆ ಒಮ್ಮೆ ಮಹಿಳಾ ಪೈಲಟ್ ಒಬ್ಬರನ್ನು ಕರೆಸಿತ್ತು. ಬಂದವಳು ಡೆಲ್ಫಿನಾ. ಎಲ್ಲರೂ ಅವಳನ್ನು ಫೀನಾ ಎನ್ನುತ್ತಿದ್ದರು. ನಿಮ್ಮ ಕೆಲಸದಲ್ಲಿ ವಿಮಾನ ಇಳಿಸುವುದೇ ಅತ್ಯಂತ ಕಷ್ಟವಲ್ಲವೇ ಎಂದು ನಾನು ಪಾಠದ ಧಾಟಿಯಲ್ಲಿ ಕೇಳಿದೆ.

"ಇಳಿಸೋದು ಕಷ್ಟ ಅಲ್ಲ ಸರ್," ಎಂದಳು. "ಎಲ್ಲರೂ ಇಳಿಸು ಅಂತ ಕಾಯ್ತಿರುವಾಗ ಇಳಿಸದೆ ಇರೋದು ಕಷ್ಟ."

ಹೇಳುವಾಗ ಅವಳ ದೃಷ್ಟಿ ನನ್ನ ಅಂಗಿಯ ತೋಳಿನ ಮೇಲಿದ್ದ ಸೀಮೆಸುಣ್ಣದ ಗುರುತಿನ ಮೇಲಿತ್ತು. ಅಲ್ಲಿಂದ ಅದು ನಿಧಾನವಾಗಿ ಮೇಲೇರಿ ನನ್ನ ಮುಖಕ್ಕೆ ಬಂದು ನಿಂತಿತು. ಆ ಮಧ್ಯಾಹ್ನ ನಾನು ಒಂಬತ್ತನೆಯ ತರಗತಿಗೆ ಹತ್ತನೆಯ ತರಗತಿಯ ಪಾಠ ಮಾಡಿದೆನಂತೆ. ಮಕ್ಕಳು ಇಂದಿಗೂ ಅದನ್ನೇ ಹೇಳಿ ನಗುತ್ತಾರೆ.

ಒಂದೂವರೆ ವರ್ಷದ ಬಳಿಕ, ಈಶಾನ್ಯದ ಗಾಳಿ ಬೀಸುವ ಫೆಬ್ರವರಿಯಲ್ಲಿ, ನನ್ನ ತಾಯಿಯೂ ನಾನೂ ಅವಳ ಊರಾದ ಬತಾನೆಸ್ ದ್ವೀಪಕ್ಕೆ ಹೆಣ್ಣು ಕೇಳಲು ಹೊರಟೆವು. ನಮ್ಮಲ್ಲಿ ಗಂಡಿನ ಕಡೆಯವರೇ ತಿಂಡಿ ತೀರ್ಥ ಹೊತ್ತು ಹೆಣ್ಣಿನ ಮನೆಯ ಮೆಟ್ಟಿಲು ಹತ್ತಬೇಕು. ನನಗೆ ತಂದೆಯಿಲ್ಲ, ಆದ್ದರಿಂದ ಕೇಳುವ ಮಾತು ತಾಯಿಯ ಬಾಯಿಂದಲೇ ಬರಬೇಕು. ಅವರು ಬಾಯಿ ತೆರೆಯದಿದ್ದರೆ ಮದುವೆಯ ಪ್ರಸ್ತಾಪವೇ ಹುಟ್ಟುವುದಿಲ್ಲ.

ಮನಿಲಾದಿಂದ ದ್ವೀಪಕ್ಕೆ ಹೋಗುವ ಪುಟ್ಟ ವಿಮಾನಕ್ಕೆ ಅಂದು ಫೀನಾಳೇ ಕ್ಯಾಪ್ಟನ್. ಹೊರಡುವ ಮುನ್ನ ಅವಳು ನಮ್ಮ ಸಾಲಿಗೆ ಬಂದು, ತಾಯಿಯ ಕೈಹಿಡಿದು ಹಣೆಗೊತ್ತಿಕೊಂಡಳು. ಮಡಿಲಲ್ಲಿ ಬಿಬಿಂಗ್ಕಾ ಎಂಬ ಅಕ್ಕಿಯ ಸಿಹಿಕಡುಬು ತುಂಬಿದ ಡಬ್ಬಿಯನ್ನು ಮಗುವಿನಂತೆ ಅವುಚಿಕೊಂಡಿದ್ದ ತಾಯಿ ಹಿಗ್ಗಿ ಹೋದರು.

"ಬೆಲ್ಟ್ ಬಿಗಿಯಾಗಿರಲಿ ನಾನಾಯ್," ಎಂದಳು. ಅಮ್ಮಂದಿರನ್ನು ನಾವು ಹಾಗೆಯೇ ಕರೆಯುವುದು. "ನಮ್ಮೂರ ಗಾಳಿಗೆ ಸ್ವಲ್ಪ ಚೇಷ್ಟೆ ಜಾಸ್ತಿ."

"ಆ ಊರವರೆಲ್ಲ ಹಾಗೇನಾ?" ಎಂದೆ ನಾನು.

ಅವಳು ಟೋಪಿಯ ಅಂಚಿನ ಕೆಳಗಿನಿಂದ ಒಮ್ಮೆ ನೋಡಿದಳು, ಅಷ್ಟೇ. ತುಟಿಯ ಮೇಲೆ ಕ್ಯಾಪ್ಟನ್‌ಗೆ ತಕ್ಕ ಗಾಂಭೀರ್ಯವಿತ್ತು. ಕಣ್ಣುಗಳು ಮಾತ್ರ ಅವಳ ಆಜ್ಞೆಯನ್ನು ಪಾಲಿಸಲಿಲ್ಲ.

ದ್ವೀಪ ಕಂಡಾಗ ಎಲ್ಲರೂ ಕಿಟಕಿಗೆ ಬಾಗಿದರು. ಒಂದು ಕಡೆ ಇರಾಯಾ ಪರ್ವತ, ಇನ್ನೊಂದು ಕಡೆ ನೊರೆಯುಗುಳುವ ಕಡಲು, ನಡುವೆ ಬಾಸ್ಕೋ ಪಟ್ಟಣದ ರನ್‌ವೇ. ಹುಲ್ಲಿನಲ್ಲಿ ಮಲಗಿದ್ದ ದನಗಳ ಕೊಂಬುಗಳೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಇನ್ನೇನು ಚಕ್ರ ನೆಲ ಮುಟ್ಟಿತು ಎನ್ನುವಾಗ ಒಂದು ರೆಕ್ಕೆ ಹಠಾತ್ತನೆ ವಾಲಿ ಸರಿಯಾಯಿತು. ಮರುಕ್ಷಣವೇ ಎಂಜಿನ್ನುಗಳು ಮೊರೆದವು, ಮೂತಿ ಮೇಲಕ್ಕೆದ್ದಿತು, ದನಗಳು ಕೆಳಕ್ಕೆ ಜಾರಿಹೋದವು. ನಾವು ಮತ್ತೆ ಮೋಡದಲ್ಲಿದ್ದೆವು.

ತಾಯಿ ಒಂದು ಕೈಯಲ್ಲಿ ಡಬ್ಬಿಯನ್ನೂ ಇನ್ನೊಂದರಲ್ಲಿ ನನ್ನ ಮಣಿಕಟ್ಟನ್ನೂ ಹಿಡಿದಿದ್ದರು. ಮುಂದಿನ ಸಾಲಿನ ಗೃಹಸ್ಥನೊಬ್ಬ ಫೋನ್ ಎತ್ತಿ ಹಿಡಿದು, ಕಲಿಯೋಕೆ ಬಂದವರನ್ನೆಲ್ಲ ಮುಂದೆ ಕೂರಿಸಿದರೆ ಹೀಗೇ ಆಗೋದು, ಅದೂ ಹೆಂಗಸನ್ನ, ಎಂದು ಎಲ್ಲರಿಗೂ ಕೇಳುವಂತೆ ನುಡಿದ. ಒಬ್ಬಳು ಹೌದೆಂದಳು. ಉಳಿದವರು ಮೌನದಿಂದಲೇ ಸಮ್ಮತಿಸಿದರು. ಆ ಮೌನ ನನ್ನನ್ನು ಹೆಚ್ಚು ನೋಯಿಸಿತು.

ಕೆಲ ನಿಮಿಷಗಳವರೆಗೆ ಮುಂದಿನಿಂದ ಮಾತೇ ಇಲ್ಲ. ಅದನ್ನೂ ಅಪರಾಧವೆಂದೇ ಎಣಿಸಲಾಯಿತು. ಮೊದಲು ವಿಮಾನವನ್ನು ನೋಡಿಕೊಳ್ಳಬೇಕು, ಆಮೇಲೆ ನಮ್ಮನ್ನು ಸಮಾಧಾನಪಡಿಸಬೇಕು ಎಂಬ ಸರಳ ನೀತಿ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಫೀನಾಳ ಧ್ವನಿ ಬಂತು: ಪರ್ವತದ ಕಡೆಯ ಗಾಳಿ ತಿರುಗಿದೆ, ವಿಮಾನ ಇರಬೇಕಾದಷ್ಟು ಸ್ಥಿರವಾಗಿರಲಿಲ್ಲ, ಇದು ಮಾಮೂಲಿ ಕ್ರಮ, ಇಂಧನ ಬೇಕಾದಷ್ಟಿದೆ, ಒಂದು ಸುತ್ತು ಹಾಕಿ ಬರೋಣ. ಅನ್ನ ಬೇಯಲು ಇನ್ನೂ ಸ್ವಲ್ಪ ಹೊತ್ತು ಬೇಕು ಎಂದು ಹೇಳುವಷ್ಟು ಶಾಂತವಾಗಿ ಹೇಳಿದಳು.

ಎರಡನೆಯ ಸಲ ನಾವು ಹೂವಿನಂತೆ ಇಳಿದೆವು. ಆದರೆ ತಾಯಿಯ ಮುಖ ಗಂಟಿಕ್ಕಿತ್ತು.

ಹೆಣ್ಣಿನ ಮನೆಗೆ ಹೋಗುವ ಜೀಪಿನಲ್ಲಿ ಅವರು ತಮ್ಮ ತೀರ್ಪನ್ನು ನನಗೆ ತಿಳಿಸಿದರು. ಬಾಗಿಲವರೆಗೆ ಕರೆದು ಮುಖದ ಮೇಲೆ ಬಾಗಿಲು ಹಾಕಿದಳು. ಶುಭಕಾರ್ಯಕ್ಕೆ ಬಂದವರನ್ನು ಹೊಸ್ತಿಲಿನಿಂದ ಹಿಂದೆ ಕಳಿಸಿದವಳು ಎಲ್ಲರೆದುರು ಕ್ಷಮೆ ಕೇಳಬೇಕು. ಕೇಳಿದ ಮೇಲೆಯೇ ತಾವು ಬಾಯಿ ತೆರೆಯುವುದು.

ನಾನು ದಾರಿಯುದ್ದಕ್ಕೂ ಪಾಠ ಒಪ್ಪಿಸಿದೆ. ಇಳಿಯುವ ವಿಮಾನದ ವೇಗ, ದಿಕ್ಕು, ಇಳಿತದ ಪ್ರಮಾಣ ಎಲ್ಲವೂ ನೆಲಕ್ಕಿಂತ ಸಾಕಷ್ಟು ಮೇಲೆಯೇ ಹದಕ್ಕೆ ಬಂದಿರಬೇಕು. ಒಂದು ಕೆಟ್ಟರೂ ಮೇಲಕ್ಕೇರಬೇಕೆಂಬುದೇ ನಿಯಮ. ನೆಲದ ಹತ್ತಿರ ಬಂದ ಮೇಲೆ ಗಾಳಿ ತಿರುಗಿದರೂ, ರನ್‌ವೇಯ ಮೇಲೆ ಇನ್ನೊಂದು ವಿಮಾನವೋ ದನವೋ ಕಂಡರೂ ಅದೇ ನಿಯಮ. ಅದನ್ನು ಅವರು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ, ಅದಕ್ಕೆಂದೇ ಇಂಧನ ತುಂಬಿಸಿರುತ್ತಾರೆ. ಮೇಲಕ್ಕೇರಿದ್ದಕ್ಕಾಗಿ ಪೈಲಟ್‌ನನ್ನು ಯಾರೂ ದಂಡಿಸಬಾರದು. ದಂಡನೆಯ ಭಯವಿದ್ದರೆ ಇಳಿಯಬಾರದ ಕಡೆಯೂ ಇಳಿಸುವವರು ಹುಟ್ಟುತ್ತಾರೆ.

ತಾಯಿ ಎಲ್ಲವನ್ನೂ ಕೇಳಿ, ಬಿಬಿಂಗ್ಕಾ ನಜ್ಜಾಗಿದೆಯೇ ಎಂದು ಡಬ್ಬಿ ತೆರೆದು ನೋಡಿದರು.

ಫೀನಾಳದು ದಪ್ಪ ಕಲ್ಲುಗೋಡೆಯ, ಹುಲ್ಲುಹೊದಿಕೆಯ ಹಳೆಯ ಮನೆ. ತಂದೆ ತೆಯೋಫಿಲೊ ಬೆಳ್ಳುಳ್ಳಿ ಬೆಳೆಯುವವರು. ಅವಳ ತಾಯಿ, ಅಜ್ಜಿ ಎಲ್ಲರೂ ಮೇಜಿನ ಸುತ್ತ ನೆರೆದಿದ್ದರು. ಮೇಜಿನ ಮೇಲೆ ಹಳದಿ ಅನ್ನ, ಒಣಗಿಸಿ ಹುರಿದ ಹಾರುಮೀನು. ಫೀನಾ ಸಮವಸ್ತ್ರ ಬದಲಿಸಿ, ಎಲೆಹಸಿರು ಬಣ್ಣದ ಲಂಗ ತೊಟ್ಟು ಬಂದು ನನ್ನೆದುರಿಗೆ ಕೂತಳು. ನೀರಿನ ಲೋಟ ಕೊಡುವ ನೆಪದಲ್ಲಿ ಅವಳ ಬೆರಳು ನನ್ನ ಬೆರಳಿಗೆ ತಗುಲಿತು. ಅದು ಆಕಸ್ಮಿಕವಾಗಿರಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಇಲೋಯಿಲೋದವರು ಸಿಟ್ಟು ಬಂದಷ್ಟೂ ಮೃದುವಾಗಿ ಮಾತಾಡುತ್ತೇವೆ. ಬೈಗುಳವೂ ಜೋಗುಳದಂತೆ ಕೇಳುತ್ತದೆ. ದ್ವೀಪದವರಿಗೆ ಇದು ಗೊತ್ತಿರಲಿಲ್ಲ.

"ಎಂಥಾ ಮಗಳನ್ನ ಬೆಳೆಸಿದ್ದೀರಿ," ಎಂದರು ತಾಯಿ, ಜೇನು ಸುರಿಸುತ್ತಾ. "ನಿಮ್ಮ ಮನೆ ಸೂರು ತೋರಿಸಿದ್ಲು, ಹಂಗೇ ಮೋಡಾನೂ ತೋರಿಸಿದ್ಲು. ಇಂಥಾ ಸ್ವಾಗತ ನನಗೆ ಯಾರೂ ಮಾಡಿರಲಿಲ್ಲ."

ತೆಯೋಫಿಲೊ ಹೆಮ್ಮೆಯಿಂದ ತಲೆದೂಗಿದರು. ಅಜ್ಜಿ ಕರಗಿಹೋಗಿ ತಾಯಿಯ ತಟ್ಟೆಗೆ ಇನ್ನೊಂದು ಮೀನು ಬಡಿಸಿದಳು. ತಾಯಿಯ ಸಿಟ್ಟು ಏರಿತು, ಧ್ವನಿ ಇನ್ನಷ್ಟು ಸಿಹಿಯಾಯಿತು, ಮೂರನೆಯ ಮೀನು ಬಂತು. ಫೀನಾಳಿಗೆ ಮಾತ್ರ ಅರ್ಥವಾಗಿತ್ತು. ಅವಳು ತುಟಿ ಕಚ್ಚಿ ನನ್ನ ಕಡೆ ನೋಡಿದಳು; ಆ ನೋಟದಲ್ಲಿ ನಗುವೂ ಇತ್ತು, ಆತಂಕವೂ ಇತ್ತು.

ಮೀನಿನ ರಾಶಿಯ ಎದುರು ಸೋತ ತಾಯಿ ನೇರವಾಗಿಯೇ ಹೇಳಿದರು: ಹುಡುಗಿ ಕ್ಷಮೆ ಕೇಳಲಿ. ಒಂದು ಮಾತು ಸಾಕು. ಆಮೇಲೆ ನಾನು ಕೇಳಬೇಕಾದದ್ದನ್ನು ಕೇಳುತ್ತೇನೆ.

ತೆಯೋಫಿಲೊ ಮಗಳ ಕಡೆ ನೋಡಿದರು, ಒತ್ತಾಯಿಸಲಿಲ್ಲ. ಫೀನಾ ಎದ್ದು ನಿಂತಳು.

"ನಾನಾಯ್, ನಿಮಗೆ ಭಯ ಆಯ್ತಲ್ಲ, ಅದಕ್ಕೆ ನನಗೆ ಬೇಜಾರಿದೆ," ಎಂದಳು. "ಊಟ ಆರಿದ್ರೆ ಕ್ಷಮೆ ಕೇಳ್ತೀನಿ, ಉಪ್ಪು ಕಮ್ಮಿ ಆಗಿದ್ರೆ ಕೇಳ್ತೀನಿ. ಮೇಲಕ್ಕೆ ಹೋಗಿದ್ದಕ್ಕೆ ಮಾತ್ರ ಕೇಳಲ್ಲ. ಇವತ್ತು ಕೇಳಿದ್ರೆ, ಮುಂದಿನ ಸಲ ಗಾಳಿ ತಿರುಗಿದಾಗ ನನಗೆ ಗಾಳಿ ಕಾಣಲ್ಲ, ನಿಮ್ಮ ಮುಖ ಕಾಣುತ್ತೆ. ಅಲ್ಲಿ ಮುಖ ನೋಡ್ತಾ ಕೂರೋಷ್ಟು ಹೊತ್ತು ಇರಲ್ಲ ನಾನಾಯ್."

ತಾಯಿ ನನ್ನತ್ತ ತಿರುಗಿದರು. "ತೊತೊ, ನೀನೇ ಹೇಳು ಅವಳಿಗೆ."

ಮುದ್ದಿನ ಆ ಹೆಸರು ಹಿಡಿದು ಅವರು ಕರೆದಾಗ ನಾನು ಜೀವನದಲ್ಲಿ ಒಮ್ಮೆಯೂ ಆಗುವುದಿಲ್ಲ ಎಂದವನಲ್ಲ. ಅಂದು ಎದ್ದು ನಿಂತೆ.

"ಅವಳು ಕ್ಷಮೆ ಕೇಳಿದ್ರೆ ನಾನು ಮದುವೆ ಆಗಲ್ಲ," ಎಂದೆ. "ನೀವು ಯಾವುದಕ್ಕೆ ಕ್ಷಮೆ ಕೇಳು ಅಂತಿದ್ದೀರೋ, ಅದಕ್ಕೇ ನಾನು ಅವಳನ್ನ ಪ್ರೀತಿಸಿದ್ದು ನಾನಾಯ್. ಎಲ್ಲರೂ ಮುನಿಸ್ಕೊಂಡ್ರೂ ಸರಿಯಾದದ್ದನ್ನೇ ಮಾಡೋ ಧೈರ್ಯ ನಾನು ಬೋರ್ಡಿನ ಮೇಲೆ ಬರೀತೀನಿ. ಅವಳು ಮಾಡ್ತಾಳೆ."

ಫೀನಾ ನನ್ನನ್ನು ನೋಡಿದಳು. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದವಳ ಕಣ್ಣು ಈಗ ತುಂಬಿತು. ಅದನ್ನು ಮರೆಸಲೆಂದು ಅವಳು ಮೀನಿನ ತಟ್ಟೆಯನ್ನು ವಿನಾಕಾರಣ ಆಚೆ ಸರಿಸಿದಳು.

ತಾಯಿ ಫೀನಾಳ ಕಡೆ ತಿರುಗಿದರು: "ನಾನು ಒಳಗಿದ್ದೀನಿ ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಇಳಿಸು ತಾಯಿ, ಇಳಿಸಿಬಿಡು ಅಂತ ನಾನು ಬೇಡ್ಕೊತಿದ್ದೆ."

"ಕೇಳಿಸಿದ್ರೂ ಇಳಿಸ್ತಿರಲಿಲ್ಲ ನಾನಾಯ್."

"ಮಗ ಎದುರು ಮಾತಾಡೋದು ಕಲಿತದ್ದು ಎಲ್ಲಿಂದ ಅಂತ ಈಗ ಗೊತ್ತಾಯ್ತು," ಎಂದರು ತಾಯಿ. ಧ್ವನಿಯ ರಾಗವೆಲ್ಲ ಉದುರಿಹೋಗಿತ್ತು. ಕಟ್ಟಿಗೆ ಒಡೆದಂತೆ ಒಣಗಿ ಬಂತು ಮಾತು. "ನನ್ನ ಮನೇಲಿ ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನೋವ್ರೇ ತುಂಬಿದ್ದಾರೆ. ನಾನು ತಪ್ಪು ಹೇಳಿದಾಗ ಕೇಳದೆ ಇರೋಳು ಒಬ್ಬಳು ಬೇಕು. ತೆಯೋಫಿಲೊ ಅವರೇ, ನಿಮ್ಮ ಮಗಳನ್ನ ನಮಗೆ ಕೊಡಿ."

ಆ ಒರಟು ಧ್ವನಿಗೆ ಮನೆಮಂದಿಯೆಲ್ಲ ಬೆಚ್ಚಿಬಿದ್ದರು. ಇಷ್ಟು ಒಳ್ಳೆಯ ಹೆಂಗಸು ಇದ್ದಕ್ಕಿದ್ದಂತೆ ಯಾಕೆ ರೇಗಿದರು ಎಂದು ಅಜ್ಜಿ ತೆಯೋಫಿಲೊ ಅವರ ಕಿವಿಯಲ್ಲಿ ಕೇಳಿದಳು. ಇದು ರೇಗಿದ್ದಲ್ಲ, ಒಪ್ಪಿದ್ದು, ಎಂದು ನಾನು ವಿವರಿಸಬೇಕಾಯಿತು. ವಿವರಿಸಿ ಮುಗಿಸುವಷ್ಟರಲ್ಲಿ ಫೀನಾ ಮೇಜು ಸುತ್ತಿಬಂದು ತಾಯಿಯ ಕೊರಳನ್ನು ತಬ್ಬಿದ್ದಳು. ತೆಯೋಫಿಲೊ ಹೂಂ ಎಂದರು, ನಗುತ್ತಾ ಕಣ್ಣೊರೆಸಿಕೊಂಡರು.

ಸಂಜೆ ನಾವಿಬ್ಬರೂ ಮನೆಯ ಹಿಂದಿನ ಗುಡ್ಡ ಹತ್ತಿದೆವು. ಗಾಳಿ ಅವಳ ಕೂದಲನ್ನೆಲ್ಲ ತಂದು ನನ್ನ ಮುಖಕ್ಕೆ ಹೊದಿಸಿತು.

"ನಿಜ ಹೇಳು," ಎಂದಳು. "ನಾನು ಕ್ಷಮೆ ಕೇಳಿಬಿಟ್ಟಿದ್ರೆ ಮದುವೆ ಆಗ್ತಿರಲಿಲ್ವಾ?"

"ಆಗ್ತಿದ್ದೆ," ಎಂದೆ. "ಆದ್ರೆ ನಿನ್ನ ವಿಮಾನ ಹತ್ತುತ್ತಿರಲಿಲ್ಲ."

ಅವಳು ನನ್ನ ತೋಳಿಗೆ ಗುದ್ದಿದಳು. ಆಮೇಲೆ ಆ ಕೈಯನ್ನು ಅಲ್ಲಿಂದ ತೆಗೆಯಲೂ ಇಲ್ಲ.

ಮೇ ತಿಂಗಳಿನಲ್ಲಿ ನಮ್ಮ ಮದುವೆಯಾಯಿತು. ಮಳೆಗಾಲದಲ್ಲಿ ತಾಯಿಯೂ ನಾನೂ ಮನಿಲಾದಿಂದ ಊರಿಗೆ ಮರಳುತ್ತಿದ್ದಾಗ, ಅಪರಿಚಿತ ಪೈಲಟ್ ಒಬ್ಬರು ರನ್‌ವೇ ಇನ್ನೂ ತೆರವಾಗಿಲ್ಲವೆಂದು ವಿಮಾನವನ್ನು ಮೇಲಕ್ಕೇರಿಸಿದರು. ತಾಯಿಯ ಪಕ್ಕದ ಯುವತಿ ಅಳತೊಡಗಿದಳು. ತಾಯಿ ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಹೆದರಬೇಡ ಇಂದಾಯ್, ನನ್ನ ಮಗಳೇ, ಕೆಲಸ ಗೊತ್ತಿರೋರು ಮುಂದೆ ಕೂತಿದ್ದಾರೆ ಅಂತ ಅರ್ಥ, ನನ್ನ ಸೊಸೆಯೂ ಹೀಗೇ ಮಾಡೋದು, ಎಂದರು. ಇಳಿಯುವಾಗ ಪೈಲಟ್‌ನ ಮುಂದೆ ನಿಂತು, ಮೇಲಕ್ಕೆ ಹೋಗಿದ್ದಕ್ಕೆ ಧನ್ಯವಾದ ಹೇಳಿದರು. ಆತ ಏನು ಹೇಳಬೇಕೆಂದು ತೋಚದೆ ಟೋಪಿ ತೆಗೆದ. ಹಾಗೆಂದವರನ್ನು ಆತ ಅದಕ್ಕೆ ಮೊದಲು ಕಂಡಿರಲಿಲ್ಲವಂತೆ.

ಅಕ್ಷರ ಕಲಿತ ನಾವೆಲ್ಲರೂ ನಾಚಬೇಕಾದ ಮಾತಿದು. ಆದ್ದರಿಂದ, ಓದುಗರೇ, ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ನಿಮ್ಮ ವಿಮಾನ ಇಳಿಯದೆ ಮೇಲಕ್ಕೇರಿದ ದಿನ, ದಯವಿಟ್ಟು ಫೋನನ್ನು ಕೆಳಗಿಡಿ, ಪಕ್ಕದಲ್ಲಿ ಹೆದರಿದವರ ಕೈ ಹಿಡಿಯಿರಿ, ಇಳಿದ ಮೇಲೆ ಬಾಗಿಲಿನಲ್ಲಿ ಒಂದು ಕ್ಷಣ ನಿಂತು ಆ ಪೈಲಟ್‌ಗೆ ಧನ್ಯವಾದ ಹೇಳಿ ಬನ್ನಿ.