ಹದಿನೆಂಟು ಕೊಯ್ತಾ, ಮೂರು ಮರಿ

ಜನವರಿ ಹನ್ನೊಂದು, ಬೆಳಗ್ಗೆ ಏಳೂವರೆ. ಕಬ್ಬು ಕಡಿಯುವ ತಂಡದ ಮುಕಾದಮ ಗಂಗಾರಾಮ ನಾಗಲಗಿದ್ದ ಎಂಬ ಊರಿನ ಪೊಲೀಸ್ ಠಾಣೆಗೆ ಓಡಿಬಂದ. ಎಸ್ಸೈ ಭುವನೇಶ್ವರಿಯ ಚಹಾ ಇನ್ನೂ ಅರ್ಧಕ್ಕಿತ್ತು.

"ಮೇಡಂ, ಕಬ್ಬು ಕಡಿಯೋ ಕೊಯ್ತಾ ಹೋಗ್ಯಾವ್ರಿ. ಹದಿನೆಂಟೂ!"

"ಮತ್ತೇನು ಹೋಗ್ಯದ?"

"ಏನೂ ಇಲ್ರಿ. ಗುಡಸಲ್ದಾಗ ಮೊಬೈಲ್ ಹಂಗೇ ಅದಾವ. ಉಮಾಕಾಂತ ಸಾಹುಕಾರ್ರ ಕಬ್ಬು ಇವತ್ತು ಕಡೀಬೇಕಿತ್ರಿ. ಹಲ್ಲಿಲೆ ಕಡೀಲೇನ್ರಿ?"

ಎಫ್‌ಐಆರ್ ಬರೆದಾಯಿತು. ಕಳ್ಳನಾದವನು ಮೊಬೈಲ್ ಬಿಟ್ಟು ಕಬ್ಬಿಣ ಒಯ್ಯುತ್ತಾನೆಯೇ? ಎಂಥ ಹುಚ್ಚನಪ್ಪಾ ಇವನು ಎಂದುಕೊಂಡೇ ಭುವನೇಶ್ವರಿ ಜೀಪು ಹತ್ತಿದಳು.

ಒಂಬತ್ತಕ್ಕೆ ಉಮಾಕಾಂತನ ಹೊಲದಲ್ಲಿ ಪಂಚನಾಮೆ. ಗುಡಿಸಲಿನಿಂದ ಹೊರಟ ಚಪ್ಪಲಿಯ ಗುರುತು ನೇರ ಕಬ್ಬಿನ ಬದುವಿಗೆ ಹೋಗಿತ್ತು. ಅಲ್ಲಿ ಮುತ್ತುಗದ ಎಲೆಯ ಮೇಲೆ ಕೋಳಿಯ ಕರುಳು, ಕಾಲು. ಭುವನೇಶ್ವರಿ ಲಿಂಗ ಕಟ್ಟಿದ ಮನೆಯ ಹೆಣ್ಣುಮಗಳು. ನಾಲ್ಕು ಹೆಜ್ಜೆ ಹಿಂದೆ ಸರಿದಳು. ಕಾನ್‌ಸ್ಟೆಬಲ್ ಭೀಮೇಶ ಕಬ್ಬಿನೊಳಗೆ ತಲೆ ಹಾಕಿದ.

"ಮೆಲ್ಲಗ ಬರ್ರಿ ಮೇಡಂ. ಕಾಡುಬೆಕ್ಕು ಮರಿ ಹಾಕ್ಯದ. ಮೂರು ಅದಾವ."

ಒಣ ಸೋಗೆಯ ನಡುವೆ ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ತಾಯಿ ಮುಂಗಾಲು ಕುಂಟುತ್ತ ಸಾಲಿನೊಳಗೆ ಮರೆಯಾಯಿತು. ಇಲಿ ಹಿಡಿಯಲಾಗದ ಆ ತಾಯಿಗೆ ಯಾರೋ ಊಟ ಹಾಕುತ್ತಿದ್ದರು. ಊಟ ಹಾಕಿದವನೇ ಕೊಯ್ತಾ ಒಯ್ದವನು ಎಂದು ತಿಳಿಯಲು ದೊಡ್ಡ ಬುದ್ಧಿ ಬೇಕಿರಲಿಲ್ಲ.

ಊರಿಗೆ ಒಂದೇ ಕೋಳಿ ಅಂಗಡಿ, ಪೀರಮ್ಮನದು. ಹತ್ತೂಮುಕ್ಕಾಲಿಗೆ ಜೀಪು ಅಲ್ಲಿ ನಿಂತಿತು.

"ಕರುಳು ಯಾರು ಒಯ್ತಾರ?"

ಪೀರಮ್ಮ ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಶಿವಶಂಕರಪ್ಪ ಮುತ್ಯಾರ್ರಿ! ಹಣಿ ತುಂಬ ವಿಭೂತಿ, ಮೂಗಿಗಿ ದಸ್ತಿ ಕಟ್ಟಿರ್ತಾರ. ಕಣ್ಣು ಮುಚ್ಚಿ ಚೀಲ ಒಡ್ತಾರ, ಬಾಯಾಗ ಶಿವ ಶಿವ ಅಂತಾರ. ನಾ ಯಾರ ಮುಂದೂ ಹೇಳಿಲ್ರಿ."

ಶಿವಶಂಕರಪ್ಪನದು ಉಮಾಕಾಂತನ ಪಕ್ಕದ ಹೊಲ. ಜೀಪು ಅಲ್ಲಿಗೆ ಹೋದಾಗ ಮುದುಕ ಸುಳ್ಳು ಹೇಳಲಿಲ್ಲ. ಜೋಳದ ಕಣಿಕೆಯ ಬಣವೆಯಿಂದ ತಾನೇ ಗೋಣಿಚೀಲ ಎಳೆದುಕೊಟ್ಟ. ಹದಿನೆಂಟಕ್ಕೆ ಹದಿನೆಂಟೂ ಇದ್ದವು.

"ಜಂಗು ಹಿಡೀಬಾರ್ದಂತ ಎಣ್ಣಿ ಹಚ್ಚೀನಿ ತಾಯಿ. ಬಡವರ ಹೊಟ್ಟಿ ಪಾಡು."

"ಉಮಾಕಾಂತಗ ಒಂದು ಮಾತು ಕೇಳಬೇಕಿಲ್ರಿ?"

"ಕೇಳೀನವ್ವ. ಬೆಕ್ಕಿನ ಸಲುವಾಗಿ ಕಬ್ಬು ನಿಲ್ಲಸ್ಲೇನು ಅಂತ ನಕ್ಕ. ಎಂಟು ದಿನ ಸಾಕಿತ್ತು, ಮರಿಗೋಳಿಗಿ ಕಾಲು ಬರ್ತಿದ್ವು. ಮೊದಲೆಲ್ಲ ಹೊಲಕ್ಕೊಂದು ಕಾಡುಬೆಕ್ಕು ಇರ್ತಿತ್ತು. ಈಗ ನಾ ನೋಡಿದ್ದು ಇದೊಂದೇ."

"ನಿಮಗ್ಯಾಕ ಇಷ್ಟು ಸಂಕಟ?"

ಮುದುಕ ಹೊಲದತ್ತ ನೋಡಿದ. "ಹೋದ ವರ್ಷ ನನ್ನ ಕಬ್ಬು ಕಡಿಸಿ, ಒಣ ಸೋಗಿಗಿ ನಾನೇ ಕಡ್ಡಿ ಗೀರೀನಿ. ಒಳಗ ಮರಿ ಇದ್ವು. ಇದೇ ಬೆಕ್ಕು ಮೂರು ದಿನ ಬೂದ್ಯಾಗ ಹುಡುಕ್ಯಾಡ್ತು. ಪೂಜಾಕ್ಕ ಕುಂತ್ರ ಅದರ ದನೀನೇ ಕೇಳಸ್ತದ. ಏನು ಮಾಡ್ಲಿ?"

ಭುವನೇಶ್ವರಿಗೂ ಆ ಬೂದಿ ಕಣ್ಣಿಗೆ ಕಟ್ಟಿತು. ಆದರೂ ಕಳವು ಕಳವೇ. ಮಧ್ಯಾಹ್ನ ಒಂದೂವರೆಗೆ ಬಂಧನದ ಕಾಗದಕ್ಕೆ ಸಹಿಯಾಯಿತು. ಆಮೇಲೆ ಉಮಾಕಾಂತನನ್ನು ಕರೆಸಿ, ಕಾಡುಬೆಕ್ಕು ರಕ್ಷಿತ ಪ್ರಾಣಿ, ಒಂದು ಮರಿಗೆ ಏಟು ಬಿದ್ದರೂ ಮುಂದಿನ ಎಫ್‌ಐಆರ್ ನಿಮ್ಮ ಹೆಸರಿಗೆ ಎಂದಳು. ಸಾಹುಕಾರ ತೆಪ್ಪಗೆ ಮರಿಗಳ ಸುತ್ತ ಹತ್ತು ಸಾಲು ಕಡಿಯದೆ ಬಿಡಲು ಒಪ್ಪಿದ.

ನಾರಾಯಣಖೇಡದ ಕೋರ್ಟಿಗೆ ಭೀಮೇಶನ ಜೊತೆ ಜೀಪು ಹತ್ತುವಾಗ ಮುದುಕ ಜಾಮೀನಿನ ಮಾತೆತ್ತಲಿಲ್ಲ.

"ಇವತ್ತು ಬೆಕ್ಕಿನ ಊಟ, ತಾಯಿ? ಐದಕ್ಕ ಅದು ದಾರಿ ನೋಡ್ತದ."

"ಹೋಗಿ ಬರ್ರಿ ಮುತ್ಯಾ. ನಾ ಇದ್ದೀನಿ."

ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಎಸ್ಸೈ ಭುವನೇಶ್ವರಿ ಪೀರಮ್ಮನ ಅಂಗಡಿಯ ಮುಂದೆ ಮೂಗಿಗೆ ದಸ್ತಿ ಕಟ್ಟಿಕೊಂಡು, ಕಣ್ಣು ಮುಚ್ಚಿ, ಶಿವ ಶಿವ ಎನ್ನುತ್ತ ಚೀಲ ಒಡ್ಡಿ ನಿಂತಿದ್ದಳು.